ಸಂಜೆಗೆ ಮನೆ ಸೇರುವ ವೈರು

ನನಗೊಂದು ಕೆಟ್ಟ ಚಾಳಿ ಇದೆ. ಉದ್ದಕ್ಕೆ, ತೆಳ್ಳಗೆ, ಬಾಗುವಂಥದ್ದು ಏನು ಕೈಗೆ ಸಿಕ್ಕರೂ ಅದನ್ನು ಹೆಬ್ಬೆರಳಿಗೂ ಮೊಣಕೈಗೂ ಸುತ್ತಿ ಸಿಂಬೆ ಮಾಡಿಬಿಡುತ್ತೇನೆ. ಹೂವಿನ ದಾರವಾಗಲಿ, ಪಾರ್ಸೆಲ್ಲಿನ ಹುರಿಯಾಗಲಿ, ನನ್ನ ಕೈಗೆ ಭೇದವಿಲ್ಲ. ಮೊನ್ನೆ ಮಧುಗಿರಿಯ ನನ್ನ ಫೋಟೋ ಸ್ಟುಡಿಯೋಕ್ಕೆ ಪಾಸ್‌ಪೋರ್ಟ್ ಸೈಜು ಫೋಟೋ ತೆಗೆಸಲು ಬಂದ ಹೆಣ್ಣುಮಗಳೊಬ್ಬಳು ತನ್ನ ಫೋನನ್ನು ಚಾರ್ಜಿಗೆ ಹಾಕಿ ಕೂತಿದ್ದಳು. ಅವಳ ಜೊತೆ ಮಾತಾಡುತ್ತಾ ಮಾತಾಡುತ್ತಾ ನಾನು ಆ ಚಾರ್ಜರಿನ ವೈರನ್ನು ಸುತ್ತುತ್ತಾ ಹೋಗಿ, ಕೊನೆಗೆ ಫೋನು ಅಡ್ಡ ಬಂದಾಗ ಅದನ್ನೂ ಕಿತ್ತು, ಸಿಂಬೆಯ ಮೇಲಿಟ್ಟು, ಬಹಳ ಮರ್ಯಾದೆಯಿಂದ ಅವಳ ಕೈಗೆ ಕೊಟ್ಟೆ. "ಅಂಕಲ್, ಇನ್ನೂ ಚಾರ್ಜೇ ಆಗಿಲ್ಲ" ಅಂದಳು. ಫೋಟೋದಲ್ಲಿ ಅವಳ ಮುಖ ಸ್ವಲ್ಪ ಗಂಟಿಕ್ಕಿಕೊಂಡೇ ಬಂದಿದೆ. ಅದು ನನ್ನ ಕ್ಯಾಮೆರಾದ ದೋಷವಲ್ಲ.

ನಾನೇನು ಮಾಡಲಿ ಹೇಳಿ, ಇದು ಮನೆತನದಿಂದ ಬಂದದ್ದು. ನಮ್ಮದು ಹಗ್ಗದ ಮನೆ. ಮಧುಗಿರಿಯಿಂದ ಸಿರಾಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಹೊಲದ ಬೇಲಿಗೆಲ್ಲ ಕತ್ತಾಳೆ ಬೆಳೆದಿರುತ್ತಿದ್ದ ಕಾಲ ಅದು. ಅಪ್ಪ, ಅವ್ವ ಆ ಕತ್ತಾಳೆಯ ಪಟ್ಟೆಗಳನ್ನು ಕೊಯ್ದು, ಮುಳ್ಳು ಸವರಿ, ಕೆರೆಯಂಚಿನ ಗುಂಡಿಯಲ್ಲಿ ಕಲ್ಲು ಹೇರಿ ನೆನೆಹಾಕುತ್ತಿದ್ದರು. ಅದು ಕೊಳೆತ ಮೇಲೆ ಬಡಿದು, ತೊಳೆದು, ಒಣಗಿಸಿದರೆ ಬೆಳ್ಳನೆಯ ನಾರು. ನಾರಿಗೇನೋ ವಾಸನೆ ಇರುತ್ತಿರಲಿಲ್ಲ, ಆದರೆ ಗುಂಡಿಯ ವಾಸನೆಯೆಲ್ಲ ನಮ್ಮ ಮೈಮೇಲೆ ಉಳಿಯುತ್ತಿತ್ತು. ಇಸ್ಕೂಲಿನಲ್ಲಿ ಬೇರೆಯವರು ಒಂದು ಬೆಂಚಿಗೆ ನಾಲ್ಕು ಜನ ಒತ್ತಿಕೊಂಡು ಕೂತರೆ ನನಗೆ ಮಾತ್ರ ಜಮೀನ್ದಾರನ ಹಾಗೆ ಕೈಕಾಲು ಚಾಚುವಷ್ಟು ಜಾಗ. ಅದನ್ನು ಗೌರವ ಅಂತಲೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಮನೆ ಮುಂದೆ ಉದ್ದಾನುದ್ದ ಅಂಗಳ. ಅಗಲ ಹೇಳಿಕೊಳ್ಳುವ ಹಾಗಿಲ್ಲ, ಉದ್ದ ಮಾತ್ರ ಜಗಲಿಯಿಂದ ಹೊರಟು ಕೊಟ್ಟಿಗೆಯನ್ನು ದಾಟಿ ಆಚೆಯ ಹುಣಸೆಮರದವರೆಗೆ. ಹಗ್ಗ ಹೊಸೆಯುವವರಿಗೆ ಉದ್ದವೇ ಮುಖ್ಯ. ಜಗಲಿಯ ತುದಿಯಲ್ಲಿ ರಾಟೆ, ಅದನ್ನು ತಿರುಗಿಸುವವಳು ಅವ್ವ. ಅಪ್ಪ ಸೊಂಟಕ್ಕೆ ನಾರು ಸುತ್ತಿಕೊಂಡು, ಎಳೆ ಬಿಡುತ್ತಾ ಬಿಡುತ್ತಾ ಹುಣಸೆಮರದ ಕಡೆಗೆ ಹಿಂದಕ್ಕೆ ನಡೆಯುತ್ತಿದ್ದ. ಹೊಸೆದ ಹುರಿ ನೆಲ ಮುಟ್ಟಬಾರದು ಅಂತ ಗೋಡೆಯ ಬದಿಗೆ ಉದ್ದಕ್ಕೂ ಕವಲುಗೂಟಗಳನ್ನು ನೆಟ್ಟಿದ್ದರು. ಮರ ಮುಟ್ಟಿದ ಮೇಲೆ ಹುರಿಯನ್ನು ಮಡಿಸಿ ಮತ್ತೆ ಗೂಟಗಳ ಮೇಲೆ ವಾಪಸು ತರುವುದು. ಹೀಗೆ ನಮ್ಮಪ್ಪ ಜೀವಮಾನವೆಲ್ಲ ಹಿಂದಕ್ಕೆ ನಡೆದು ನಮ್ಮನ್ನು ಮುಂದಕ್ಕೆ ತಂದ. ಒಂದು ದಿನವೂ ಎಡವಿದ್ದನ್ನು ನಾನು ನೋಡಲಿಲ್ಲ.

ನಾನೂ ಹಿಂದಕ್ಕೆ ನಡೆದೇ ಹೊಟ್ಟೆ ಹೊರೆದುಕೊಂಡವನು. ಮದುವೆಯಲ್ಲಿ ಗಂಡುಹೆಣ್ಣು ಮುಂದೆ ಬರುತ್ತಿದ್ದರೆ ಫೋಟೋದವನು ಹಿಂದಕ್ಕೆ ತಾನೇ ಹೋಗಬೇಕು? ಆದರೆ ಅಪ್ಪನ ಕಾಲು ನನಗೆ ಬರಲಿಲ್ಲ. ಕೊರಟಗೆರೆಯ ಒಂದು ಛತ್ರದಲ್ಲಿ ವಧೂವರರ ಮೇಲೆಯೇ ಕಣ್ಣಿಟ್ಟು ಹಿಂದಕ್ಕೆ ಹೋದವನು ನೇರವಾಗಿ ಡೋಲಿನವರ ತೊಡೆಯ ಮೇಲೆ ಕೂತೆ. ಅವರು ಪಾಪ, ಒಂದು ಏಟೂ ತಪ್ಪಿಸದೆ ಬಾರಿಸುತ್ತಲೇ ಇದ್ದರು. ಆ ಏಟುಗಳಲ್ಲಿ ಕೆಲವು ನನ್ನ ಬೆನ್ನಿಗೂ ಬಿದ್ದವು.

ಹಗ್ಗದ ಮನೆಗೆ ಅದರದೇ ಶಿಸ್ತುಗಳಿರುತ್ತವೆ. ಕೆಲಸವಿಲ್ಲದ ಹಗ್ಗ ಸಡಿಲವಾಗಿ ಬಿದ್ದಿರಬಾರದು, ಬೇಕಾದಷ್ಟು ಬಿಚ್ಚಿಕೊಂಡು ಉಳಿದದ್ದು ಸಿಂಬೆಯಲ್ಲೇ ಇರಬೇಕು. ಸಂತೆಯಲ್ಲಿ ಯಾರಾದರೂ ಎಂಟು ಮಾರು ಕೇಳಿದರೆ ಮೇಲೊಂದು ಮಾರು ಹೆಚ್ಚಿಗೆ ಕೊಡಬೇಕು. ಮಾರು ಅಂದರೆ ಗೊತ್ತಲ್ಲ, ಎರಡು ಕೈ ಚಾಚಿದಷ್ಟು ಉದ್ದ. ಎಲ್ಲಕ್ಕಿಂತ ದೊಡ್ಡ ಮಾತು, ಎರಡು ಹಗ್ಗ ಸೇರಿಸುವಾಗ ಗಂಟು ಹಾಕುವುದು ನಮ್ಮಲ್ಲಿ ಅವಮಾನ. ಎರಡೂ ತುದಿಗಳ ಎಳೆ ಬಿಚ್ಚಿ, ಒಂದರೊಳಗೊಂದು ಹೆಣೆದು, ಮತ್ತೆ ಹೊಸೆಯಬೇಕು. ಎಲ್ಲಿ ಸೇರಿತು ಅಂತ ಕಣ್ಣಿಗೆ ಕಾಣಬಾರದು. ಈ ವಿದ್ಯೆಯಲ್ಲಿ ಅಪ್ಪನ ಸಮ ಸಿರಾ ಸಂತೆಯಲ್ಲೇ ಇರಲಿಲ್ಲ. ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ.

ಊರಿಗೆ ಕರೆಂಟು ಬಂದ ಹೊಸತರಲ್ಲಿ ಅಪ್ಪನಿಗೆ ಹೊಸ ಉಮೇದು ಬಂತು. ಹುಣಸೆಮರಕ್ಕೊಂದು ಬಲ್ಬು ಕಟ್ಟಿದರೆ ಕತ್ತಲಾದ ಮೇಲೂ ಇನ್ನೊಂದು ಹಗ್ಗ ಹೊಸೆಯಬಹುದಲ್ಲ ಅಂತ. ಎಲ್ಲಿಂದಲೋ ಎರಡು ತುಂಡು ವೈರು ಹೊಂದಿಸಿ ತಂದ. ಒಂದೊಂದರಲ್ಲೂ ಎರಡೆರಡು ಎಳೆ. ಆ ತುಂಡುಗಳನ್ನು ಅವನು ಹಗ್ಗ ಸೇರಿಸಿದ ಹಾಗೆಯೇ ಸೇರಿಸಿದ. ತಾಮ್ರದ ಕೂದಲುಗಳನ್ನು ಬಿಚ್ಚಿ, ಒಂದರೊಳಗೊಂದು ಹೆಣೆದು, ಎಣ್ಣೆಬಟ್ಟೆ ಸುತ್ತಿ, ಮೇಲೆ ನಾರು ಬಿಗಿದ. ಎರಡು ಬದಿಗೆ ಇಬ್ಬರು ಗಟ್ಟಿ ಆಳುಗಳನ್ನು ನಿಲ್ಲಿಸಿ "ಎಳೀರ್ಲಾ" ಅಂದ. ಕಿತ್ತು ಬರಲಿಲ್ಲ. ಗಟ್ಟಿಯಾಗಿದೆ ಅಂದರೆ ಸರಿಯಾಗಿದೆ ಅಂತಲೇ ಹಗ್ಗದವನ ಲೆಕ್ಕ. ವೈರಿನಲ್ಲಿ ಎಳೆದರೆ ಬರುವ ಅಪಾಯಕ್ಕಿಂತ ನೆನೆದರೆ ಬರುವ ಅಪಾಯ ದೊಡ್ಡದು ಅಂತ ಅವನಿಗೆ ಹೇಳುವವರಾದರೂ ಯಾರಿದ್ದರು?

ಒಂದು ಬೆಳಗ್ಗೆ ತುಂತುರು ಹನಿದಿತ್ತು. ವೈರು ಗೂಟದಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಗೌರಿ ಅಂತ ನಮ್ಮ ಎಮ್ಮೆ, ಮರದ ಬುಡಕ್ಕೆ ಹೋಗಿ ಅದನ್ನು ತುಳಿಯಿತು. ಅಷ್ಟೆ. ಲೈನ್‌ಮನ್ ಬಂದು ವೈರು ಬಿಡಿಸಿದಾಗ ಅಪ್ಪ ಹೆಣೆದ ಜಾಗ ಒಂದು ಕೂದಲೂ ಸಡಿಲವಾಗದೆ ಹಾಗೇ ಇತ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಗೌರಿಯ ಪಕ್ಕದಲ್ಲಿ ಕೂತಿದ್ದ. ಅವ್ವ ಅವನಿಗೆ ಒಂದು ಮಾತೂ ಅನ್ನಲಿಲ್ಲ, ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಆದರೆ ಸಂಜೆ ಬಾಗಿಲಲ್ಲಿ ನಿಂತು ನಮಗೆಲ್ಲ ಕೇಳುವಂತೆ, "ಇನ್ ಮ್ಯಾಲೆ ಕರೆಂಟು ಈ ಹೊಸ್ಲು ದಾಟಿ ಆಚೀಕ್ ಹೋಗ್ಬಾರ್ದು" ಅಂದಳು. ಅಪ್ಪ ತೀರಿಕೊಂಡ ಮೇಲೂ, ಹಗ್ಗದ ಕೆಲಸ ನಿಂತು ರಾಟೆ ಅಟ್ಟ ಸೇರಿದ ಮೇಲೂ, ಆ ಮಾತು ಮಾತ್ರ ಹೊಸ್ತಿಲ ಮೇಲೆ ಕೂತೇ ಇತ್ತು.

ಊರಮನೆಯಲ್ಲಿ ಈಗ ಅವ್ವನ ಜೊತೆ ಇರುವುದು ನನ್ನ ಅಕ್ಕ, ಗಿರಿಜಕ್ಕ. ಭಾವ ಪಾವಗಡ ಸೀಮೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಕ್ಯಾತಗಾನಚೆರ್ಲು ಕಡೆ ಹೊಲಗಳ ತುಂಬ ಸೋಲಾರ್ ಹಲಗೆ ನಿಲ್ಲಿಸಿದ್ದಾರಲ್ಲ, ಅಲ್ಲಿ ಹಲಗೆ ತೊಳೆಯುವ ಕೆಲಸ ಅವರದು. ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಬಂದಾಗಲೆಲ್ಲ ಅತ್ತೆಯನ್ನು ಕೆಣಕದೆ ಅವರಿಗೆ ಊಟ ಸೇರುವುದಿಲ್ಲ.

"ಏಂದಿ ಅತ್ತಮ್ಮಾ ಇದಿ! ಊರಿಗೆಲ್ಲ ಕರೆಂಟ್ ಬರ್ಲಿ ಅಂತ ನಾನು ಹಲಗೆ ತೊಳ್ದೂ ತೊಳ್ದೂ ಸಾಯ್ತೀನಿ. ನಮ್ಮ ಕೊಟ್ಟಿಗ್ಯಾಗೆ ನೋಡಿದ್ರೆ ಬ್ಯಾಟ್ರಿ ಹಿಡ್ಕೊಂಡು ಹಸಾ ಕಟ್ಟಾದು!"

"ಬಿಸ್ಲಾಗೆ ಬೆಳ್ದಿದ್ದು ಬಿಸ್ಲಾಗೇ ಇರ್ಲಿ ಬುಡಪ್ಪ" ಅನ್ನುತ್ತಿದ್ದಳು ಅವ್ವ, ಅವರ ತಟ್ಟೆಗೆ ಇನ್ನೊಂದು ಮುದ್ದೆ ಇಡುತ್ತಾ.

ಇದು ಬರೀ ತಮಾಷೆಯಾಗಿ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅಕ್ಕನ ಬದುಕು ನಿಂತಿರುವುದು ಅವಳ ಸೀಮೆಹಸುಗಳ ಮೇಲೆ. ಆ ಹಸುಗಳು ಅವಳಿಗೆ ಹಾಲು ಕರೆಯುವ ದನಗಳಷ್ಟೇ ಅಲ್ಲ, ಒಂದೊಂದಕ್ಕೂ ಒಂದೊಂದು ಮಾತಿನ ಧಾಟಿ ಇಟ್ಟುಕೊಂಡಿದ್ದಾಳೆ. ಅವುಗಳಿಗೆ ಜೋಳದ ಕಡ್ಡಿಯನ್ನು ಸಣ್ಣಗೆ ಕತ್ತರಿಸಿ ಹಾಕಬೇಕು. ಕೈಯಿಂದ ತಿರುಗಿಸುವ ಕಬ್ಬಿಣದ ದೊಡ್ಡ ಚಕ್ರ ಒಂದಿದೆ. ವರ್ಷಗಟ್ಟಲೆ ಅದನ್ನು ತಿರುಗಿಸಿ ತಿರುಗಿಸಿ ಅಕ್ಕನ ಬಲಭುಜ ಹಿಡಿದುಕೊಂಡಿತು. ಮಧುಗಿರಿಯ ಡಾಕ್ಟರು, ಚಕ್ರ ಬಿಡದಿದ್ದರೆ ಕೈ ಮೇಲೇಳುವುದೇ ನಿಲ್ಲುತ್ತದೆ ಅಂದರು. ಮೋಟಾರಿನ ಮೇವಿನ ಮಷೀನೊಂದನ್ನು ಅಕ್ಕ ತರಿಸಿಯೂ ಆಗಿತ್ತು. ಅದು ಗೋಣಿಚೀಲ ಹೊದ್ದುಕೊಂಡು ಕೊಟ್ಟಿಗೆಯಲ್ಲಿ ಕೂತಿತ್ತು. ಕರೆಂಟು ಹೊಸ್ತಿಲು ದಾಟುವ ಹಾಗಿಲ್ಲವಲ್ಲ! ಆಯುಧಪೂಜೆಯ ದಿನ ಅದಕ್ಕೆ ಕುಂಬಳಕಾಯಿ ಒಡೆದು, ಹೂವು ಮುಡಿಸಿ, ಮತ್ತೆ ಗೋಣಿಚೀಲ ಹೊದಿಸಿದ್ದರು. ಒಂದು ದಿನವೂ ಓಡದೆ ಅಷ್ಟು ಪೂಜೆ ಮಾಡಿಸಿಕೊಂಡ ಯಂತ್ರ ಬೇರೊಂದಿರಲಾರದು.

ಅಕ್ಕ ಹಟ ಮಾಡುವವಳಲ್ಲ. ತಲೆ ಬಾಚಿಕೊಳ್ಳಲು ಕೈ ಏಳದೆ ಅವ್ವನ ಮುಂದೆ ಕೂರತೊಡಗಿದಳು. ನಮ್ಮ ಬೀದಿಬಾಗಿಲಿಗೆ ಮೇಲ್ಗಡೆ ಒಂದು ಚಿಲಕವಿದೆ, ಸಂಜೆ ಅದನ್ನು ಹಾಕುವುದು ಯಾವತ್ತೂ ಎತ್ತರದವಳಾದ ಅಕ್ಕನ ಕೆಲಸ. ಅದೂ ಆಗದೆ, ಕುಳ್ಳಗಿರುವ ಅವ್ವನೇ ಬಾಗಿಲ ಪಕ್ಕ ಒಂದು ಮಣೆ ಇಟ್ಟುಕೊಂಡು, ಅದರ ಮೇಲೆ ಹತ್ತಿ, ಬೆರಳ ತುದಿಯಲ್ಲಿ ನಿಂತು ಚಿಲಕ ಹಾಕುತ್ತಿದ್ದಳು. ಹೀಗಿರುವಾಗ ಒಂದು ದಿನ ದಲ್ಲಾಳಿಯೊಬ್ಬ ಬಂದು ಹಸುಗಳ ಬಾಯಿ ಬಿಡಿಸಿ ಹಲ್ಲು ನೋಡಿದನಂತೆ. ಕರೆಸಿದವಳು ಅಕ್ಕನೇ. "ಕೈಯೇ ಏಳ್ದಿದ್ ಮ್ಯಾಲೆ ಇವುನ್ನ ಹೆಂಗವ್ವ ಸಾಕ್ಲಿ? ಕೊಟ್ಬುಡಾನ" ಅಂದಳಂತೆ. ಹೇಳುವಾಗ ಹಸುಗಳ ಕಡೆ ನೋಡಲಿಲ್ಲವಂತೆ.

ಮಾರನೆಯ ಬೆಳಗ್ಗೆ ನನಗೆ ಅವ್ವನ ಫೋನು.

"ಲೇ ನಾಗ, ಬಾರ್ಲಾ. ಸಿರಾಕೋಗಿ ವೈರ್ ತರಾಣ."

ನಾನು ಕಿವಿಯನ್ನು ನಂಬದೆ ಓಡಿಹೋದೆ. ಹೋದವನು ಜಾಣತನ ತೋರಿಸಿದೆ. "ಅವ್ವಾ, ಕಂಬ ನೆಡಿಸಿ ಕೊಟ್ಟಿಗೆಗೇ ಲೈನ್ ಎಳೆಸಿಬಿಡೋಣ. ಇದೆಲ್ಲ ಯಾಕೆ?"

"ಊಂಹೂಂ. ಹೊತ್ತು ಮುಳುಗಿದ್ ಮ್ಯಾಲೆ ಹಸ ಕಟ್ಟಿರೋ ತಾವು ಅದಿರ್ಬಾರ್ದು. ಹಸಗುಳು ಸಂಜೀಕೆ ಹೆಂಗೆ ಮನೀಗ್ ಬತ್ತವೋ ಅಂಗೇ ಅದೂ ಒಳೀಕ್ ಬರ್ಬೇಕು. ಗಂಟು ಇರ್ಬಾರ್ದು, ಒಂದೇ ವೈರಿರ್ಬೇಕು. ನಾನೇ ನೋಡಿ ತತ್ತೀನಿ."

ಒಂದು ಜೀವ ಹೋದದ್ದನ್ನು ಕಣ್ಣಾರೆ ಕಂಡು, ಇಷ್ಟು ವರ್ಷ ಕಟ್ಟಿಕೊಂಡು ಬಂದ ಮಾತನ್ನು ಮಗಳ ಭುಜಕ್ಕೋಸ್ಕರ ತಾನೇ ಬಿಚ್ಚುವುದಿದೆಯಲ್ಲ, ಅದು ಸಣ್ಣ ಧೈರ್ಯವಲ್ಲ. ನನಗಂತೂ ಅವತ್ತು ಅವ್ವನ ಮೇಲೆ ಬಂದ ಅಭಿಮಾನ ಇಷ್ಟಿಷ್ಟಲ್ಲ. ಅವಳು ಮಾತ್ರ ಸೆರಗು ಸಿಕ್ಕಿಸಿಕೊಂಡು, ಜಗಲಿಯಿಂದ ಕೊಟ್ಟಿಗೆಯವರೆಗೆ ಕೈ ಚಾಚಿ ಚಾಚಿ ಮಾರು ಅಳೆಯುತ್ತಿದ್ದಳು.

ಸಿರಾದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜೀನತ್ ಆಪಾರ ಕರೆಂಟ್ ಸಾಮಾನಿನ ಅಂಗಡಿ ಇದೆ. ಅವರ ತಂದೆ ಇಟ್ಟ ಅಂಗಡಿ, ಈಗ ಆಪಾ ನಡೆಸುತ್ತಾರೆ. ಮದುವೆ ಲೈಟುಗಳ ಕಾಲದಿಂದ ನನಗೆ ಅವರ ಪರಿಚಯ, ಅಕ್ಕ ಅನ್ನುವ ಅರ್ಥದಲ್ಲಿ ಎಲ್ಲರೂ ಆಪಾ ಅನ್ನುತ್ತಾರೆ. ಆಪಾರ ಒಂದು ಕ್ರಮ ಏನೆಂದರೆ, ಸಾಮಾನು ಯಾವ ಜಾಗಕ್ಕೆ ಹೋಗುತ್ತದೆ ಅಂತ ತಿಳಿಯದೆ ಅವರು ರಾಕಿನ ಕಡೆ ಕೈಯನ್ನೇ ಚಾಚುವುದಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆ ವಿಚಾರಿಸುವ ಹಾಗೆ ವಿಚಾರಿಸುತ್ತಾರೆ.

"ಯಾವ ಮಷೀನು ಅಣ್ಣ? ಮೋಟ್ರು ಎಷ್ಟು ಹೆಚ್‌ಪಿ? ದೂರ ಎಷ್ಟು? ಮೇಲೆ ನೀರು ಬೀಳ್ತೈತಾ? ದನ ತುಳೀತಾವಾ? ಮನೇಲಿ ತಾನೇ ಬೀಳೋ ಸ್ವಿಚ್ಚು ಐತಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎಲ್ಲಕ್ಕೂ ಉತ್ತರ ಕೊಟ್ಟಳು. ಆಪಾ ಮೊದಲು ಒಂದು ಬಿಳಿ ವೈರು ತೋರಿಸಿ, "ಇದು ಮನೆ ಒಳಗೆ ಟೇಬಲ್ ಫ್ಯಾನಿಗೆ ಆಗ್ತದೆ, ಹೊರಗೆ ಬಿಲ್ಕುಲ್ ಬೇಡ. ಬಿಸಿಲಿಗೆ ಸಿಪ್ಪೆ ಬಿರೀತದೆ" ಅಂತ ಪಕ್ಕಕ್ಕಿಟ್ಟರು. ನನ್ನ ಸ್ಟುಡಿಯೋದಲ್ಲಿ, ಮದುವೆಮನೆಗಳಲ್ಲಿ, ಇಷ್ಟು ವರ್ಷ ನಾನು ಅಂಗಳಕ್ಕೂ ಛಾವಣಿಗೂ ಎಳೆದಾಡಿದ್ದೆಲ್ಲ ಅದೇ ಬಿಳಿ ವೈರು. ನಾನು ಬೀದಿಯ ಕಡೆ ನೋಡಿದೆ.

ಆಮೇಲೆ ಬಂದದ್ದು ಹೆಬ್ಬೆಟ್ಟಿನಷ್ಟು ದಪ್ಪದ್ದು, ಮೇಲೆ ರಬ್ಬರಿನ ಕವಚ. ಅವ್ವ ಅದನ್ನು ಮಡಿಲಿಗೆ ಹಾಕಿಕೊಂಡಳು. ಬಗ್ಗಿಸಿದಳು, ಬಿಟ್ಟಳು, ಎರಡು ಅಂಗೈ ನಡುವೆ ಹೊಸೆದು ನೋಡಿದಳು, ಕೊನೆಗೆ ಮೂಸಿಯೂ ನೋಡಿದಳು. ಹಗ್ಗ ಕೊಳ್ಳಲು ಬಂದವರು ಅವಳ ಮುಂದೆ ಹಾಗೆ ಮೂಸಿದ್ದರೆ ಎದ್ದು ಹೋಗಿ ಅನ್ನುತ್ತಿದ್ದಳು. ಆಪಾ ನಗುತ್ತಾ ಕಾಯ್ದರು.

"ಒಳಗೆ ಎಷ್ಟೆಳೆ ಐತಮ್ಮ?"

ಆಪಾ ತುದಿಯನ್ನು ಸುಲಿದು ತೋರಿಸಿದರು. ಕೆಂಪು, ಕಪ್ಪು, ಹಸಿರು.

"ಮೂರು!" ಅಂದಳು ಅವ್ವ. ಅವಳ ಮುಖ ಅರಳಿತು. ಮೂರೆಳೆ ಇದ್ದರೇ ನಮ್ಮಲ್ಲಿ ಅದು ಹಗ್ಗ. ಎರಡೆಳೆಯದು ಬರೀ ಹುರಿ, ಹೊರೆ ಕಟ್ಟಬಹುದೇ ಹೊರತು ಅದರಲ್ಲಿ ದನ ಕಟ್ಟುವುದಿಲ್ಲ. "ಕರೆಂಟ್ಗೆ ಎರಡೆಳೆ ಸಾಕು ಅಂತಾರಲ್ಲವ್ವ? ಇದೊಂದು ಹಸುರ್ದು ಯಾತಕ್ಕೆ?"

"ಅದು ಸುಮ್ನೆ ಇರ್ತದೆ ಅಮ್ಮ, ಕೆಲಸ ಮಾಡಲ್ಲ. ಕರೆಂಟು ದಾರಿ ತಪ್ಪಿ ಮಷೀನಿನ ಮೈಗೆ ಬಂತು ಅನ್ನಿ, ಆವಾಗ ಇದು ಅದನ್ನ ಮಣ್ಣಿಗೆ ಕರ್ಕೊಂಡು ಹೋಗ್ತದೆ. ಮನೇಲಿ ತಾನೇ ಬೀಳೋ ಸ್ವಿಚ್ಚು ಹಾಕಿಸಿದ್ದೀರಲ್ಲ, ಅದು ಟಪ್ ಅಂತ ಬೀಳ್ತದೆ. ಮುಟ್ಟಿದವರಿಗೆ ಏನೂ ಆಗಬಾರ್ದು ಅಂತಾನೇ ಇದು ಇರೋದು."

ಅವ್ವ ಆ ಹಸಿರು ಎಳೆಯನ್ನು ಬೆರಳಲ್ಲಿ ಹಿಡಿದು ತುದಿಯವರೆಗೂ ಸವರಿದಳು. "ಇನ್ನೊಂದ್ ಸಲ ಹೇಳವ್ವ" ಅಂದಳು. ಆಪಾ ಬೇಸರಿಸದೆ ಮತ್ತೆ ಹೇಳಿದರು.

ಬಣ್ಣದಲ್ಲೂ ಎರಡು ಬಗೆ ಇದ್ದವು, ಕಪ್ಪು ಮತ್ತು ಕಿತ್ತಳೆ. ಕಪ್ಪು ಲಕ್ಷಣವಾಗಿದೆ ಅಂದೆ ನಾನು. "ನಿನ್ ಲಕ್ಷಣ ಕಟ್ಕೊಂಡು ಏನ್ಲಾ ಮಾಡ್ಲಿ? ಪೊರೆ ಬಂದಿರೋ ನನ್ ಕಣ್ಗೆ ಕಾಣ್ಬೇಕು" ಅಂತ ಅವ್ವ ಕಿತ್ತಳೆ ಬಣ್ಣದ್ದನ್ನೇ ಮುಂದಕ್ಕೆಳೆದುಕೊಂಡಳು.

ಇನ್ನು ಉದ್ದ. ಅವ್ವ ಅಳೆದದ್ದು ಹನ್ನೆರಡು ಮಾರು. ಅಷ್ಟೇ ಕೇಳುವುದು ಹಗ್ಗದ ಮನೆಯವರಿಗೆ ಅವಮಾನವಲ್ಲವೇ? "ಹೆಚ್ಚಿಗೆ ಇರಲಿ" ಅಂದೆ ನಾನು. "ಇರ್ಲಿ ಇರ್ಲಿ" ಅಂದಳು ಅವ್ವ. ಇಬ್ಬರೂ ಸೇರಿ ಹೆಚ್ಚಿಸಿ ಹೆಚ್ಚಿಸಿ ಅದು ಹೆಚ್ಚುಕಮ್ಮಿ ಎರಡರಷ್ಟಾಯಿತು. ಆಪಾ ಮಾತ್ರ, "ಬೇಕಾದಷ್ಟೇ ತಗೊಳ್ಳಿ ಅಣ್ಣ, ಜಾಸ್ತಿ ಉದ್ದ ಒಳ್ಳೇದಲ್ಲ" ಅಂದರು. ಕಡಿಮೆ ಕೊಂಡುಕೊಳ್ಳಿ ಅನ್ನುವ ವ್ಯಾಪಾರಿಯನ್ನು ಅಲ್ಲೇ ಕೂರಿಸಿ ಒಂದು ಫೋಟೋ ತೆಗೆಯಬೇಕು ಅನ್ನಿಸಿತೇ ಹೊರತು, ಮಾತು ಕೇಳಬೇಕು ಅನ್ನಿಸಲಿಲ್ಲ. ಆಪಾ ಎರಡು ತುದಿಗೂ ದೊಡ್ಡ ಪಿನ್ನನ್ನೂ ಸಾಕೆಟ್ಟನ್ನೂ ತಾವೇ ಬಿಗಿದು ಕೊಟ್ಟರು. ಬಸ್ಸಿನಲ್ಲಿ ಅವ್ವ ಆ ಸಿಂಬೆಯನ್ನು ಊರು ಬರುವವರೆಗೂ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಅಂಗೈ ಊರಿ ಕೂತಿದ್ದಳು.

ಭಾನುವಾರ ಬೆಳಗ್ಗೆ ಶುಭಾರಂಭ. ಭಾವ ರಜಕ್ಕೆ ಬಂದಿದ್ದರು. ಅಕ್ಕ ಮಷೀನಿನ ಗೋಣಿಚೀಲ ತೆಗೆದಳು. ಕೊಟ್ಟಿಗೆಯವರೆಗೆ ಬೇಕಾದಷ್ಟು ವೈರನ್ನು ಗೋಡೆಯ ಬದಿಗೆ ಎಳೆದು, ಉಳಿದ ಅರ್ಧವನ್ನು ಅವ್ವ ಒಂದರ ಮೇಲೊಂದು ಒತ್ತಿ ಒಪ್ಪವಾಗಿ ಸಿಂಬೆ ಸುತ್ತಿ ಜಗಲಿಯ ಮೇಲಿಟ್ಟಳು. ಕೆಲಸವಿಲ್ಲದ್ದು ಸಡಿಲವಾಗಿ ಬಿದ್ದಿರಬಾರದಲ್ಲ! ಅದರ ಪಕ್ಕದಲ್ಲೇ ಕೂತು, ಸಿಂಬೆಯ ಮೇಲೆ ಕೈಯಿಟ್ಟುಕೊಂಡಳು. ಅಪ್ಪ ಹಿಂದಕ್ಕೆ ನಡೆಯುವಾಗ ಹುರಿಯ ಮೇಲೆ ಅವಳ ಒಂದು ಕೈ ಹೀಗೆಯೇ ಇರುತ್ತಿತ್ತು. ಭಾವ ಸ್ವಿಚ್ ಒತ್ತಿದರು. ಮಷೀನು ಗರ್ರೆಂದಿತು. ಹಸುಗಳು ಬೆದರಿ, ಆಮೇಲೆ ಮೇವಿನ ವಾಸನೆಗೆ ಕಿವಿ ನಿಮಿರಿಸಿದವು. ಅಕ್ಕ ಎಡಗೈಯಲ್ಲೇ ಜೋಳದ ಕಡ್ಡಿ ಒಡ್ಡುತ್ತಿದ್ದಳು, ಅತ್ತ ಕಡೆಯಿಂದ ಹಸಿರು ಚೂರು ಸುರಿಯುತ್ತಿತ್ತು. ಅವಳು ನಗುತ್ತಿದ್ದಳು. ಆ ನಗುವನ್ನು ಮತ್ತೆ ನೋಡುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ.

ಎರಡು ಹೊರೆ ಮುಗಿದು ಮೂರನೆಯದು ನಡೆದಿತ್ತು. ಇದ್ದಕ್ಕಿದ್ದಂತೆ ಮಷೀನು ನಿಂತಿತು. ತಿರುಗಿ ನೋಡಿದರೆ ಅವ್ವ ಒಳಗೆ ಹೋಗಿ ಸ್ವಿಚ್ ಆರಿಸಿ ಹೊಸ್ತಿಲಲ್ಲಿ ನಿಂತಿದ್ದಾಳೆ.

"ಮುಟ್ಟಿ ನೋಡ್ಲಾ ಇದ್ನ. ಜ್ವರ ಬಂದ್ ಮಗೀನ್ ಮೈಯಂಗೆ ಸುಡ್ತೈತೆ."

ಮುಟ್ಟಿದೆ. ಅಂಗಳದಲ್ಲಿ ಹಾಸಿದ್ದ ವೈರು ಸುಮ್ಮನಿತ್ತು, ಸಿಂಬೆಯ ಒಳಗಡೆ ಮಾತ್ರ ಕೈ ಇಡುವ ಹಾಗಿರಲಿಲ್ಲ. ರಬ್ಬರಿನ ಸಣ್ಣ ವಾಸನೆಯೂ ಬರುತ್ತಿತ್ತು. ಅಕ್ಕ ಕೆಳಗೆ ಬಿದ್ದಿದ್ದ ಗೋಣಿಚೀಲವನ್ನು ಎಡಗೈಯಲ್ಲಿ ಎತ್ತಿಕೊಂಡು ಕೊಡವತೊಡಗಿದಳು. ದಲ್ಲಾಳಿ ಮತ್ತೆ ಬರುತ್ತಾನೆ, ಹಸುಗಳು ಹೋಗುತ್ತವೆ ಅಂತ ಅವಳು ತೀರ್ಮಾನಿಸಿಬಿಟ್ಟಳು ಅನ್ನುವುದು ನನಗೆ ಆ ಕೊಡವುವಿಕೆಯಲ್ಲೇ ತಿಳಿಯಿತು.

ಭಾವನ ಫೋನಿನಿಂದ ಆಪಾಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದೆ.

"ಸುತ್ತಿ ಇಟ್ಟಿದ್ರಾ? ಹಾಯ್ ಅಲ್ಲಾ! ಅಣ್ಣ, ಕೆಲಸ ಮಾಡೋವಾಗ ವೈರು ಪೂರಾ ಬಿಚ್ಚಿರ್ಬೇಕು. ಸುತ್ತಿಟ್ರೆ ಒಳಗಿನ ಬಿಸಿ ಹೊರಗೆ ಹೋಗೋದು ಹೆಂಗೆ? ಅದ್ಕೇ ಜಾಸ್ತಿ ಉದ್ದ ಬೇಡ ಅಂದಿದ್ದು. ವೈರಿಗೆ ಏನೂ ಆಗಿಲ್ಲ, ಬೇಗ ನೋಡಿದ್ದೀರ. ಬೇಕಾದ್ರೆ ತನ್ನಿ, ಕತ್ತರಿಸಿ ಸಣ್ಣದು ಮಾಡಿಕೊಡ್ತೀನಿ."

ನೋಡಿ, ಪ್ರಪಂಚದಲ್ಲಿ ಬೇರೆ ಯಾರಾದರೂ ಆಗಿದ್ದರೆ ಉಳಿದ ವೈರನ್ನು ಅಲ್ಲೇ ಮೂಲೆಗೆ ಎಸೆದಿರುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಅಷ್ಟು ಬಿಗಿಯಾಗಿ, ಅಷ್ಟು ಚಂದವಾಗಿ ಸುತ್ತಿಟ್ಟು ವೈರಿಗೆ ಜ್ವರ ಬರಿಸಲು ಹಗ್ಗದ ಮನೆಯವರೇ ಆಗಬೇಕು. ಅದರ ಮೇಲೆ ಕೈಯಿಟ್ಟುಕೊಂಡು ಕೂತು ಅದನ್ನು ಕಂಡುಹಿಡಿಯುವುದಕ್ಕೂ ಅವರೇ ಆಗಬೇಕು.

"ಕತ್ತರಿಸಿಕೊಂಡು ಬರಲಾ ಅವ್ವಾ?"

ಅವ್ವ ಗೋಡೆಯ ಕಡೆ ನೋಡುತ್ತಿದ್ದಳು. ಅಪ್ಪನ ಕವಲುಗೂಟಗಳು ಅಲ್ಲೇ ಇವೆ. ಕೆಲವು ವಾಲಿವೆ, ಆದರೆ ಜಗಲಿಯಿಂದ ಹುಣಸೆಮರದವರೆಗೂ ಸಾಲು ಹಾಗೇ ಇದೆ.

"ಕೊಯ್ಯೋದ್ ಬ್ಯಾಡ. ತಣ್ಣಗಾದ್ ಮ್ಯಾಲೆ ನಿಮ್ಮಪ್ಪನ್ ಗೂಟುದ್ ಮ್ಯಾಲೆ ಬುಡಾನ. ಮರ ಮುಟ್ಟಿ ಕೊಟ್ಟಿಗೀಗೆ ವಾಪಸ್ ಬಂದ್ರೆ ಸರ್ಯಾಗ್ ಆಯ್ತದೆ."

ವೈರು ಆರುವವರೆಗೆ ಭಾವ ವಾಲಿದ ಗೂಟಗಳನ್ನು ಗುದ್ದಿ ನೆಟ್ಟಗೆ ಮಾಡಿದರು. ಆಮೇಲೆ ಅವ್ವ ಸಿಂಬೆಯನ್ನು ತೋಳಿಗೇರಿಸಿಕೊಂಡು, ಮೊದಲ ಗೂಟದ ಕವಲಿಗೆ ವೈರನ್ನು ಇಟ್ಟು, ಹಿಂದಕ್ಕೆ ನಡೆಯತೊಡಗಿದಳು. ನಾನು ಅವಳ ಬೆನ್ನ ಹಿಂದೆ ಎರಡು ಕೈ ಚಾಚಿಕೊಂಡು ಹೊರಟೆ, ಬಿದ್ದರೆ ಹಿಡಿಯೋಣ ಅಂತ. ನಡುವೆ ಕಲ್ಲೊಂದನ್ನು ಎಡವಿ ಮುಗ್ಗರಿಸಿದವನು ನಾನೇ. ಇಷ್ಟು ವರ್ಷ ರಾಟೆಯ ಬಳಿ ಕೂತು ಅಪ್ಪನ ನಡಿಗೆ ನೋಡಿದವಳು ಅವಳು. ಒಂದು ಸಲವೂ ಹಿಂದಿರುಗಿ ನೋಡದೆ, ಎಳೆ ಬಿಟ್ಟ ಹಾಗೆ ವೈರು ಬಿಡುತ್ತಾ, ಗೂಟ ಗೂಟಕ್ಕೂ ಒಂದು ಕ್ಷಣ ನಿಲ್ಲುತ್ತಾ, ಅಪ್ಪ ಹೋಗುತ್ತಿದ್ದ ಹಾಗೆಯೇ ಹೋದಳು. ಕಿತ್ತಳೆ ಬಣ್ಣದ ಗೆರೆ ಅಂಗಳದ ಉದ್ದಕ್ಕೂ ಮೂಡುತ್ತಾ ಬಂತು. ಕ್ಯಾಮೆರಾ ಒಳಗೇ ಬಿಟ್ಟು ಬಂದಿದ್ದೆ.

ಹುಣಸೆಮರದ ಬುಡಕ್ಕೆ ಬಂದು ಅವಳ ಬೆನ್ನು ಮರಕ್ಕೆ ತಾಗಿತು. ಗೌರಿ ಬಿದ್ದದ್ದು ಅಲ್ಲಿಯೇ. ಅವ್ವ ವೈರನ್ನು ಮರದ ಪಕ್ಕದ ಕೊನೆಯ ಗೂಟಕ್ಕೆ ಬಳಸಿ, ಅಲ್ಲಿ ನಿಂತಳು.

"ಎರಡೇ ಎಳೆ ಇದ್ದುದ್ದು ಕಣ್ಲಾ ಅವತ್ತು" ಅಂದಳು. "ನಿಮ್ಮಪ್ಪಂದು ತಪ್ಪೇನಿಲ್ಲ. ಹೆಣೆದಿದ್ದು ಸರ್ಯಾಗೇ ಹೆಣೆದಿದ್ದ. ಹಸುರ್ದು ಇರ್ಲಿಲ್ಲ, ಅಷ್ಟೇಯ."

ಅದು ಅಷ್ಟು ಸರಳವಲ್ಲ ಅಂತ ನನಗೆ ಗೊತ್ತು. ನಾನು ತಿದ್ದಲಿಲ್ಲ. ಇಷ್ಟು ವರ್ಷ ಅಪ್ಪನ ಪರವಾಗಿ ಒಂದು ಮಾತು ಹುಡುಕುತ್ತಿದ್ದವಳಿಗೆ ಸಿರಾದ ಒಂದು ಅಂಗಡಿಯಲ್ಲಿ ಅದು ಸಿಕ್ಕಿತ್ತು. ಅದಕ್ಕೇ ಅವತ್ತು ಆಪಾರ ಬಾಯಿಂದ ಎರಡು ಸಲ ಹೇಳಿಸಿದ್ದು.

ವೈರು ಕೊಟ್ಟಿಗೆಗೆ ವಾಪಸು ಬಂದು ಮಷೀನು ಸೇರಿತು. ಈ ಸಲ ಸ್ವಿಚ್ ಒತ್ತಿದವಳು ಅವ್ವ. ಒತ್ತಿ ಬಂದವಳು ಗೂಟದಿಂದ ಗೂಟಕ್ಕೆ ವೈರಿನ ಕೆಳಗೆ ಅಂಗೈ ಹಿಡಿದು ನಡೆದಳು. ಅಕ್ಕ ಕಡ್ಡಿ ಒಡ್ಡುತ್ತಾ, ಮಷೀನು ನೋಡದೆ ಅವ್ವನ ಮುಖವನ್ನೇ ನೋಡುತ್ತಿದ್ದಳು. ಒಂದು ಹೊರೆಯಾಯಿತು, ಎರಡಾಯಿತು, ಮೂರನೆಯದೂ ಮುಗಿಯಿತು. ಅವ್ವ ಮರದವರೆಗೂ ಹೋಗಿ ಮರಳಿ ಬಂದು ಹೇಳಿದಳು, "ತಣ್ಣಗೈತೆ ಕಣಮ್ಮ. ಇನ್ನೊಂದ್ ಹೊರೆ ಹಾಕು."

ಇದಾಗಿ ಎರಡು ಮಳೆಗಾಲ ಕಳೆದಿವೆ. ದಲ್ಲಾಳಿ ನಮ್ಮ ಬೀದಿಯಲ್ಲಿ ಬಂದರೂ ಬಾಗಿಲಲ್ಲಿ ನಿಲ್ಲುವುದಿಲ್ಲ. ನಾನು ಊರಿಗೆ ಹೋದರೆ ಸಂಜೆಯ ಬಸ್ಸು ಬಿಟ್ಟು ಉಳಿದುಕೊಳ್ಳುತ್ತೇನೆ, ವೈರು ಮನೆಗೆ ಬರುವುದನ್ನು ನೋಡಲು. ಹಸುಗಳು ಬಂದು ಕಟ್ಟು ಸೇರಿದ ಮೇಲೆ ಅವ್ವ ಅದನ್ನು ಗೂಟಗಳಿಂದ ಬಿಡಿಸಿ, ಹೆಬ್ಬೆರಳಿಗೂ ಮೊಣಕೈಗೂ ಸುತ್ತುತ್ತಾ ಬರುತ್ತಾಳೆ. ಕೆಲಸ ಮುಗಿದ ಮೇಲೆ ಸುತ್ತಲು ಆಪಾರ ಅಡ್ಡಿಯಿಲ್ಲ. ಕೊನೆಗೆ ಸಿಂಬೆಯನ್ನು ತಲೆಯ ಮೇಲೆ ಹೊತ್ತು ಹೊಸ್ತಿಲು ದಾಟುತ್ತಾಳೆ.

ಕಳೆದ ವಾರ ಹೋದಾಗಲೂ ಹಾಗೆಯೇ ಬಂದಳು. ಅವಳ ಹಿಂದೆ ಅಕ್ಕ ಒಳಗೆ ಬಂದು ಬಾಗಿಲು ಮುಚ್ಚಿದಳು. ನಾನು ಚಿಲಕ ಹಾಕಲು ಏಳುತ್ತಿದ್ದೆ. ಅಷ್ಟರಲ್ಲಿ ಅಕ್ಕ ಬಲಗೈಯನ್ನು ನಿಧಾನವಾಗಿ, ಭುಜದ ಮೇಲಕ್ಕೆ, ತಲೆಯ ಮೇಲಕ್ಕೆ ಎತ್ತಿ, ಚಿಲಕ ಎಳೆದಳು. ಅವ್ವ ಆ ಕೈ ಕೆಳಗೆ ಬರುವವರೆಗೂ ನೋಡಿದಳು. ಆಮೇಲೆ ಬಾಗಿಲ ಪಕ್ಕದಲ್ಲಿದ್ದ ಮಣೆಯನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿಟ್ಟು ಬಂದು, ಆ ಜಾಗದಲ್ಲಿ ವೈರಿನ ಸಿಂಬೆಯನ್ನು ಇಟ್ಟಳು.